ಟಿ6 ಇದ್ದರೆ ಸಾಕೇ?

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಹಂಗಾಮು ಮುಗಿದು ರಿಪೇರಿ ಕೆಲಸ ಜೋರಾಗಿ ನಡೆದಿತ್ತು. ಬ್ಯಾಟರಿ ರೂಮಿನ ಹಳೆಯ ದೀಪಗಳನ್ನು ಕಳಚಿ ಹೊಸ ಎಫ್‌ಎಲ್‌ಪಿ (ಫ್ಲೇಮ್‌ಪ್ರೂಫ್) ಫಿಟ್ಟಿಂಗ್ ಹಾಕಿದ್ದರು. ಎಲೆಕ್ಟ್ರಿಷಿಯನ್ ಹುಡುಗ ಏಣಿ ಹತ್ತಿ, ಟಾರ್ಚ್ ಬಿಟ್ಟು, ಹೆಮ್ಮೆಯಿಂದ ಫಲಕ ತೋರಿಸಿದ. “ನೋಡ್ರಿ ಸರ್, ಟಿ6 ಐತಿ. ಇದರ ಮ್ಯಾಲಿಂದು ಬರೂದೇ ಇಲ್ರಿ.”

ಅವನು ಹೇಳಿದ್ದು ನಿಜ. ಟಿ6ಕ್ಕಿಂತ ಮೇಲಿನ ದರ್ಜೆ ಇಲ್ಲ. ಆದರೆ ಅದೇ ಫಲಕದಲ್ಲಿ, ಟಿ6ರ ಎಡಕ್ಕೆ, ‘ಐಐಎ/ಐಐಬಿ’ ಎಂದಿತ್ತು. ಬ್ಯಾಟರಿ ಚಾರ್ಜ್ ಆಗುವಾಗ ಹೊರಬರುವುದು ಹೈಡ್ರೋಜನ್. ಅದಕ್ಕೆ ಬೇಕಾದ ಗುಂಪು ಐಐಸಿ. ಅಲ್ಲಿ ಟಿ6 ಬೇಕಾಗಿರಲೇ ಇಲ್ಲ, ಟಿ1 ಸಾಕಿತ್ತು. ಬೇಡದ್ದು ಹೆಚ್ಚಾಗಿತ್ತು, ಬೇಕಾದದ್ದೇ ಇರಲಿಲ್ಲ.

ಈ ತಪ್ಪು ಆ ಹುಡುಗನದಲ್ಲ. ಇಂಡೆಂಟ್ ಬರೆದವರು ‘ಎಫ್‌ಎಲ್‌ಪಿ ದೀಪ, 6 ನಗ’ ಎಂದಷ್ಟೇ ಬರೆದಿದ್ದರು. ಸ್ಟೋರಿನವರು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದರು. ನಮ್ಮ ಕಾರ್ಖಾನೆಗಳಲ್ಲಿ ಎಫ್‌ಎಲ್‌ಪಿ ಎನ್ನುವುದು ಒಂದೇ ಜಾತಿಯ ಸಾಮಾನು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಪೆಟ್ರೋಲ್ ಬಂಕಿನಿಂದ ಹಿಡಿದು ಔಷಧ ಕಾರ್ಖಾನೆಯ ರಿಯಾಕ್ಟರ್ ಕೊಠಡಿಯವರೆಗೆ, ಎಥನಾಲ್ ಘಟಕದಿಂದ ಬಣ್ಣದ ಥಿನ್ನರ್ ಗೋದಾಮಿನವರೆಗೆ ಕೆಲಸ ಮಾಡುವವರೆಲ್ಲ ಆ ಫಲಕದ ಅಕ್ಷರಗಳನ್ನು ಓದಲು ಕಲಿಯಬೇಕು. ಕಲಿಯಲು ಒಂದು ಮಧ್ಯಾಹ್ನ ಸಾಕು.

ಮೊದಲು ಫಲಕದ ಸಾಲು ನೋಡೋಣ. ಈಗಿನ ಪದ್ಧತಿಯಲ್ಲಿ ಅದು ಹೀಗಿರುತ್ತದೆ: ಎಕ್ಸ್ ಡಿಬಿ ಐಐಬಿ ಟಿ4 ಜಿಬಿ. ‘ಎಕ್ಸ್’ ಎಂದರೆ ಸ್ಫೋಟಕ ವಾತಾವರಣಕ್ಕೆಂದು ತಯಾರಾದ ಸಾಮಾನು. ‘ಡಿಬಿ’ ರಕ್ಷಣೆಯ ವಿಧಾನ, ಅಂದರೆ ಫ್ಲೇಮ್‌ಪ್ರೂಫ್. ಕೊನೆಯ ‘ಜಿಬಿ’ ಯಾವ ಜೋನ್‌ನಲ್ಲಿ ಬಳಸಬಹುದು ಎನ್ನುವುದರ ಸೂಚನೆ. ಅನಿಲ ಸದಾ ಇರುವ ಜಾಗ ಜೋನ್ 0, ಆಗಾಗ ಬರಬಹುದಾದ ಜಾಗ ಜೋನ್ 1, ಅಪರೂಪಕ್ಕೆ ಬಂದು ಬೇಗ ಹೋಗುವ ಜಾಗ ಜೋನ್ 2. ಜಿಬಿ ಇದ್ದರೆ ಜೋನ್ 1 ಮತ್ತು 2ಕ್ಕೆ ನಡೆಯುತ್ತದೆ, ಟ್ಯಾಂಕಿನ ಒಳಗಿನ ಜೋನ್ 0ಕ್ಕೆ ನಡೆಯುವುದಿಲ್ಲ. ಇವೆಲ್ಲ ಮುಖ್ಯವೇ, ಆದರೆ ಜನ ಎಡವುವುದು ನಡುವಿನ ಎರಡು ಗುರುತುಗಳಲ್ಲಿ. ‘ಐಐಬಿ’ ಅನಿಲದ ಗುಂಪು, ನಮ್ಮವರ ಬಾಯಲ್ಲಿ ‘ಟೂ-ಬಿ’. ‘ಟಿ4’ ಉಷ್ಣತೆಯ ವರ್ಗ.

ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಈ ಅನಿಲದ ಜ್ವಾಲೆ ಎಷ್ಟು ಕಿರಿದಾದ ಸಂದಿನಲ್ಲಿ ನುಸುಳೀತು, ಎಷ್ಟು ಸಣ್ಣ ಕಿಡಿಗೆ ಹೊತ್ತೀತು ಎಂದು ಗುಂಪು ಹೇಳುತ್ತದೆ. ಸಾಮಾನಿನ ಮೈ ಅತಿ ಹೆಚ್ಚೆಂದರೆ ಎಷ್ಟು ಬಿಸಿಯಾದೀತು ಎಂದು ಉಷ್ಣತೆಯ ವರ್ಗ ಹೇಳುತ್ತದೆ. ಒಂದರಲ್ಲಿ ಕಠಿಣವಾದ ಅನಿಲ ಇನ್ನೊಂದರಲ್ಲಿಯೂ ಕಠಿಣವಾಗಿರಬೇಕೆಂದಿಲ್ಲ.

ಗುಂಪಿನ ವಿಚಾರ ತಿಳಿಯಬೇಕಾದರೆ ಫ್ಲೇಮ್‌ಪ್ರೂಫ್ ಪೆಟ್ಟಿಗೆ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಒಳಗೆ ಗ್ಯಾಸ್ ಹೋಗದಂತೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಅದು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಗಲು ಕಾದು ರಾತ್ರಿ ತಣಿಯುವ ಪೆಟ್ಟಿಗೆ ಉಸಿರಾಡುತ್ತದೆ. ಹೊರಗೆ ಗ್ಯಾಸ್ ಇದ್ದರೆ ಇವತ್ತಲ್ಲ ನಾಳೆ ಅದು ಒಳಗೆ ಹೋಗುತ್ತದೆ. ಒಳಗೆ ಕಾಂಟ್ಯಾಕ್ಟರ್ ಕಿಡಿ ಹಾರಿಸಿದಾಗ ಸ್ಫೋಟವೂ ಆಗುತ್ತದೆ. ಅದನ್ನೆಲ್ಲ ಒಪ್ಪಿಕೊಂಡೇ ಪೆಟ್ಟಿಗೆಯನ್ನು ಮಾಡಿರುತ್ತಾರೆ. ಆ ಹೊಡೆತ ತಾಳುವಷ್ಟು ಗಟ್ಟಿಯಾಗಿ ಎರಕ ಹೊಯ್ದಿರುತ್ತಾರೆ. ಮುಚ್ಚಳ ಮತ್ತು ಪೆಟ್ಟಿಗೆ ಕೂಡುವಲ್ಲಿ ಅಗಲವಾದ, ನುಣುಪಾದ, ಲೋಹಕ್ಕೆ ಲೋಹ ತಾಗುವ ಅಂಚು ಇರುತ್ತದೆ. ಅದೇ ಫ್ಲೇಮ್ ಪಾತ್. ಉರಿಯುವ ಅನಿಲ ಆ ಕಿರುಸಂದಿನಲ್ಲಿ ಹಾದುಬರುವಷ್ಟರಲ್ಲಿ ಲೋಹಕ್ಕೆ ತನ್ನ ಬಿಸಿ ಕೊಟ್ಟು ತಣ್ಣಗಾಗುತ್ತದೆ, ಹೊರಗಿನ ಅನಿಲವನ್ನು ಹೊತ್ತಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರಿಗಾಗಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿದ್ದೂ ಇದೇ ತತ್ತ್ವದ ಮೇಲೆ.

ಎಲ್ಲ ಜ್ವಾಲೆಗಳೂ ಒಂದೇ ಸಂದಿನಲ್ಲಿ ನಿಲ್ಲುವುದಿಲ್ಲ. ಪ್ರಯೋಗಾಲಯದಲ್ಲಿ 20 ಘನ ಸೆಂಟಿಮೀಟರ್‌ನ ಪುಟ್ಟ ಗೋಳವನ್ನು ಎರಡು ಅರ್ಧಗಳಾಗಿ ಮಾಡಿ, ನಡುವೆ 25 ಮಿ.ಮೀ. ಅಗಲದ ಅಂಚು ಬಿಟ್ಟು, ಸಂದನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುತ್ತ, ಒಳಗೆ ಹೊತ್ತಿಸಿದರೆ ಹೊರಗೆ ಹೊತ್ತುತ್ತದೆಯೇ ಎಂದು ನೋಡುತ್ತಾರೆ. ಪ್ರೊಪೇನ್ ಜ್ವಾಲೆ ಸುಮಾರು 0.92 ಮಿ.ಮೀ. ಸಂದಿನಲ್ಲೂ ದಾಟಲಾರದೆ ನಿಲ್ಲುತ್ತದೆ. ಎಥಿಲೀನ್‌ಗೆ 0.65 ಮಿ.ಮೀ.ಗೆ ಇಳಿಯಬೇಕು. ಹೈಡ್ರೋಜನ್‌ಗೆ 0.29 ಮಿ.ಮೀ., ಹೆಚ್ಚು ಕಡಿಮೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಈ ಅಳತೆಯ ಮೇಲೆಯೇ ಗುಂಪು ಕಟ್ಟಿದ್ದಾರೆ. 0.9 ಮಿ.ಮೀ.ಗಿಂತ ಹೆಚ್ಚಿದ್ದರೆ ಐಐಎ, 0.5ರಿಂದ 0.9ರವರೆಗೆ ಐಐಬಿ, ಅದಕ್ಕಿಂತ ಕಡಿಮೆ ಐಐಸಿ. ಪ್ರೊಪೇನ್, ಪೆಟ್ರೋಲ್, ಅಸಿಟೋನ್, ಅಮೋನಿಯಾ ಐಐಎ. ಎಥಿಲೀನ್, ಈಥರ್, ಹೈಡ್ರೋಜನ್ ಸಲ್ಫೈಡ್ ಐಐಬಿ. ಹೈಡ್ರೋಜನ್, ಅಸಿಟಿಲೀನ್, ಕಾರ್ಬನ್ ಡೈಸಲ್ಫೈಡ್ ಐಐಸಿ. ಬರೀ ‘ಐ’ ಎಂದಿದ್ದರೆ ಅದು ಮೀಥೇನ್ ಸೂಸುವ ಕಲ್ಲಿದ್ದಲ ಗಣಿಯದು. ತಯಾರಕರು ನಿಜವಾಗಿ ಬಿಡುವ ಸಂದು ಈ ಅಳತೆಗಳಿಗಿಂತ ಬಹಳ ಕಿರಿದು. ಐಐಸಿ ಪೆಟ್ಟಿಗೆ ಐಐಎ, ಐಐಬಿ ಜಾಗಕ್ಕೂ ನಡೆಯುತ್ತದೆ. ತಿರುಗಿಸಿದರೆ ನಡೆಯುವುದಿಲ್ಲ.

ಕರ್ನಾಟಕದ ಸಕ್ಕರೆ ಸೀಮೆಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯದ ಕಡೆ ಈಗ ಎಥನಾಲ್ ಘಟಕಗಳು ಬಹಳವಾಗಿವೆ. ಎಥನಾಲ್‌ನ ಸಂದಿನ ಅಳತೆ 0.89 ಮಿ.ಮೀ. ಗೆರೆಯಿಂದ ಒಂದೇ ಒಂದು ನೂರನೆಯ ಮಿಲಿಮೀಟರ್ ಕೆಳಗೆ. ಹಳೆಯ ಪಟ್ಟಿಗಳು ಅದನ್ನು ಐಐಎ ಎಂದು ಬರೆದವು, ಈಚಿನ ಅಂತರರಾಷ್ಟ್ರೀಯ ಐಇಸಿ ಪಟ್ಟಿ ಐಐಬಿ ಎನ್ನುತ್ತದೆ. ಹಳೆಯ ಡಿಸ್ಟಿಲರಿಯ ಡ್ರಾಯಿಂಗನ್ನೇ ನಕಲು ಮಾಡಿ ಹೊಸ ಘಟಕಕ್ಕೆ ಇಂಡೆಂಟ್ ಹಾಕುವವರು ಇಲ್ಲಿ ನಿಂತು ನೋಡಬೇಕು. ಐಐಬಿ ಕೊಳ್ಳಿ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವೂ ಇರುವುದಿಲ್ಲ, ಪೇಟೆಯಲ್ಲಿ ಸಿಗುವ ಬಹುಪಾಲು ಫಿಟ್ಟಿಂಗುಗಳು ಐಐಎ/ಐಐಬಿ ಎರಡಕ್ಕೂ ಸಲ್ಲುವಂಥವೇ.

ಸೆನ್ಸರ್, ಟ್ರಾನ್ಸ್‌ಮಿಟರ್‌ಗಳಲ್ಲಿ ಇದೇ ಗುಂಪು ಇನ್ನೊಂದು ಅರ್ಥದಲ್ಲಿ ಬರುತ್ತದೆ. ಅವುಗಳ ಮೇಲೆ ‘ಎಕ್ಸ್ ಐಎ’ ಎಂದಿರುತ್ತದೆ, ಇಂಟ್ರಿನ್ಸಿಕ್ ಸೇಫ್ಟಿ. ಇಲ್ಲಿ ಸ್ಫೋಟ ತಾಳುವ ಪೆಟ್ಟಿಗೆ ಇಲ್ಲ, ತಂತಿಯಲ್ಲಿ ಹರಿಯುವ ಶಕ್ತಿಯನ್ನೇ ಕಿಡಿ ಹೊತ್ತಿಸಲಾರದಷ್ಟು ಇಳಿಸಿರುತ್ತಾರೆ. ಪ್ರೊಪೇನ್ ಹೊತ್ತಿಸಲು ಸುಮಾರು 0.25 ಮಿಲಿಜೂಲ್ ಬೇಕು, ಹೈಡ್ರೋಜನ್‌ಗೆ ಅದರ ಹತ್ತನೆಯ ಒಂದು ಪಾಲೂ ಬೇಡ. ಸಣ್ಣ ಕಿಡಿಯನ್ನು ಹಗುರವಾಗಿ ಕಾಣುವಂತಿಲ್ಲ. ವೇಲ್ಸ್ ದೇಶದ ಸೆಂಗೆನಿತ್ ಕಲ್ಲಿದ್ದಲ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು 439 ಕಾರ್ಮಿಕರು ಸತ್ತರು. ಕಾರಣ ಕೊನೆಗೂ ಖಚಿತವಾಗಲಿಲ್ಲ, ಆದರೆ ಸಂಕೇತದ ಗಂಟೆ ಬಾರಿಸಲು ಎಳೆದಿದ್ದ ಬರಿತಂತಿಯ ಕಿಡಿಯ ಮೇಲೆ ಅನುಮಾನ ಬಿತ್ತು. ‘ಇಷ್ಟು ಸಣ್ಣ ಬ್ಯಾಟರಿಯ ಕಿಡಿಗೆ ಏನಾದೀತು’ ಎಂಬ ಮಾತನ್ನು ಯಾರಾದರೂ ಆಡಿದಾಗಲೆಲ್ಲ ನನಗೆ ಆ ಸಂಖ್ಯೆ ನೆನಪಾಗುತ್ತದೆ.

ಇನ್ನು ಉಷ್ಣತೆ. ಕಿಡಿಯಿಲ್ಲದೆ, ಜ್ವಾಲೆಯಿಲ್ಲದೆ, ಬರೀ ಬಿಸಿ ಮೈಗೆ ತಾಗಿದರೂ ಅನಿಲ ಹೊತ್ತಿಕೊಳ್ಳುತ್ತದೆ. ಹಾಗೆ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಒಂದೊಂದಕ್ಕೆ ಒಂದೊಂದು. ಸಾಮಾನಿನ ಮೈ ಅದಕ್ಕಿಂತ ಕೆಳಗೇ ಇರಬೇಕು. ಟಿ1 ಎಂದರೆ ಮೈ 450 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂಬ ಖಾತರಿ. ಟಿ2 300, ಟಿ3 200, ಟಿ4 135, ಟಿ5 100, ಟಿ6 85. ಸಂಖ್ಯೆ ದೊಡ್ಡದಾದಷ್ಟೂ ಮೈ ತಣ್ಣಗೆ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯಲ್ಲಿ ಇದು ಹೊರಮೈಯ ಲೆಕ್ಕ. ಆದರೆ ‘ಎಕ್ಸ್ ಇ’ ಎಂಬ ಇನ್‌ಕ್ರೀಸ್ಡ್ ಸೇಫ್ಟಿ ಸಾಮಾನಿನಲ್ಲಿ ಗ್ಯಾಸ್ ಒಳಗೂ ಸುಳಿದಾಡುವುದರಿಂದ ಒಳಗಿನ ಭಾಗಗಳ ಬಿಸಿಯೂ ಲೆಕ್ಕಕ್ಕೆ ಬರುತ್ತದೆ.

ಎರಡು ಪ್ರಶ್ನೆಗಳು ಬೇರೆ ಎಂದೆನಲ್ಲ, ಈಗ ಪಕ್ಕಪಕ್ಕ ಇಟ್ಟು ನೋಡಿ. ಹೈಡ್ರೋಜನ್ ವಿಸಿಟಿಂಗ್ ಕಾರ್ಡಿನಷ್ಟು ಕಿರಿದಾದ ಸಂದಿಗಷ್ಟೇ ನಿಲ್ಲುವ ಅನಿಲ, ಆದರೆ ಬಿಸಿ ಮೈಯಿಂದ ಹೊತ್ತಬೇಕಾದರೆ 560 ಡಿಗ್ರಿ ಬೇಕು. ಆದ್ದರಿಂದ ಐಐಸಿ, ಟಿ1. ಔಷಧ ತಯಾರಿಕೆಯಲ್ಲಿ ಬಳಸುವ ಡೈಈಥೈಲ್ ಈಥರ್ ಸಂದಿನ ಮಟ್ಟಿಗೆ ಸಾಧು, 0.87 ಮಿ.ಮೀ., ಆದರೆ 175 ಡಿಗ್ರಿಯ ಆಸುಪಾಸಿಗೇ ಹೊತ್ತಿಕೊಳ್ಳುತ್ತದೆ. ಅದು ಐಐಬಿ, ಟಿ4. ಬೀದರ್, ಜಿಗಣಿ, ನಂಜನಗೂಡಿನ ಕಡೆಯ ಔಷಧ ಕಾರ್ಖಾನೆಗಳಲ್ಲಿ ಸಾಲ್ವೆಂಟ್ ಬದಲಾದಾಗಲೆಲ್ಲ ಈ ಲೆಕ್ಕವೂ ಬದಲಾಗುತ್ತದೆ. ನಿನ್ನೆ ಅಸಿಟೋನ್ ಇದ್ದ ಕೊಠಡಿಗೆ ಸಾಲುತ್ತಿದ್ದ ಟಿ3 ಮೋಟಾರು ಇವತ್ತು ಈಥರ್ ತಂದರೆ ಸಾಲುವುದಿಲ್ಲ. ಎರಡರಲ್ಲೂ ಕಠಿಣವಾದದ್ದು ಕಾರ್ಬನ್ ಡೈಸಲ್ಫೈಡ್. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ತಯಾರಾಗುವಂಥ ವಿಸ್ಕೋಸ್ ನಾರಿಗೆ ಬೇಕಾದ ದ್ರವ ಅದು. ಸುಮಾರು 90 ಡಿಗ್ರಿಗೆ ಹೊತ್ತಿಕೊಳ್ಳುತ್ತದೆ, ಅಂದರೆ ಕುದಿಯುವ ನೀರಿನ ಕೊಳವೆಯೇ ಸಾಕು. ಐಐಸಿ, ಟಿ6. ಟಿ6 ನಿಜವಾಗಿ ಬೇಕಾಗುವುದು ಇಂಥ ಕೆಲವೇ ಕಡೆ.

ದ್ರವದ ಸೇಫ್ಟಿ ಶೀಟಿನಿಂದ ಈ ಉಷ್ಣತೆ ಹುಡುಕುವಾಗ ಒಂದು ಗೊಂದಲ ಪದೇ ಪದೇ ಆಗುತ್ತದೆ. ಅದರಲ್ಲಿ ಫ್ಲ್ಯಾಶ್ ಪಾಯಿಂಟ್ ಎಂದು ಒಂದಿರುತ್ತದೆ, ಆಟೋ ಇಗ್ನಿಷನ್ ಎಂದು ಇನ್ನೊಂದಿರುತ್ತದೆ. ಎಥನಾಲ್‌ಗೆ ಮೊದಲನೆಯದು 12–13 ಡಿಗ್ರಿ, ಎರಡನೆಯದು 360 ಡಿಗ್ರಿಗೂ ಮೇಲೆ. ಆವಿ ಎದ್ದು ಹೊತ್ತುವ ಸ್ಥಿತಿಗೆ ಬರುವ ಉಷ್ಣತೆ ಮೊದಲನೆಯದು. ಟಿ ವರ್ಗ ಆರಿಸಲು ನೋಡಬೇಕಾದದ್ದು ಎರಡನೆಯದನ್ನು.

ಟಿ ವರ್ಗದ ಹಿಂದೆ ಇನ್ನೊಂದು ಷರತ್ತಿದೆ, ನಮ್ಮ ಹವೆಗೆ ಅದು ತೀರ ಮುಖ್ಯ. ಫಲಕದಲ್ಲಿ ಬೇರೆ ಏನೂ ಬರೆದಿಲ್ಲವಾದರೆ ಆ ಸಾಮಾನು ಸುತ್ತಲಿನ ಗಾಳಿ ಮೈನಸ್ 20ರಿಂದ 40 ಡಿಗ್ರಿಯವರೆಗೆ ಇರುತ್ತದೆಂದು ಲೆಕ್ಕ ಹಾಕಿ ಮಾಡಿದ್ದು. ರಾಯಚೂರು, ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್–ಮೇ ತಿಂಗಳು ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಸೂರಿನ ಕೆಳಗೆ, ಬಾಯ್ಲರ್ ಪಕ್ಕದಲ್ಲಿ, ಡಿಸ್ಟಿಲೇಷನ್ ಕಾಲಮಿನ ಮೇಲಂತಸ್ತಿನಲ್ಲಿ ಇನ್ನೂ ಹೆಚ್ಚು. ಸುತ್ತಲಿನ ಗಾಳಿ ಹತ್ತು ಡಿಗ್ರಿ ಏರಿದರೆ ಸಾಮಾನಿನ ಮೈಯೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ಒಳ್ಳೆಯ ತಯಾರಕರು 40 ಡಿಗ್ರಿಗೆ ಟಿ6, 55 ಡಿಗ್ರಿಗೆ ಟಿ5 ಎಂದು ಎರಡನ್ನೂ ಬರೆದಿರುತ್ತಾರೆ. ‘ಟಿಎ’ ಅಥವಾ ‘ಟಿ ಆಂಬ್’ ಎಂಬ ಅಕ್ಷರಗಳ ಮುಂದೆ ನೋಡಿ. ಕಲ್ಯಾಣ ಕರ್ನಾಟಕದ ಯಾವ ಘಟಕಕ್ಕೂ 50 ಡಿಗ್ರಿಗಿಂತ ಕಡಿಮೆಯ ಸಾಮಾನನ್ನು ನಾನು ಬರೆದುಕೊಡುವುದಿಲ್ಲ.

ಮೋಟಾರುಗಳಲ್ಲಿ ಇನ್ನೆರಡು ಜಾಗ ಎಡವುತ್ತೇವೆ. ನೇರ ಸಪ್ಲೈಗೆ ಎಂದು ಸರ್ಟಿಫಿಕೇಟ್ ಪಡೆದ ಮೋಟಾರಿಗೆ ಆಮೇಲೆ ವೇಗ ಬದಲಿಸುವ ವಿಎಫ್‌ಡಿ ಹಾಕುತ್ತಾರೆ. ನಿಧಾನಕ್ಕೆ ತಿರುಗುವಾಗ ಅದರದೇ ಫ್ಯಾನು ಗಾಳಿ ಕೊಡುವುದು ಕಡಿಮೆ, ಬಿಸಿ ಹೆಚ್ಚು. ಟಿ4 ಎಂಬ ಮಾತು ಅಲ್ಲಿಗೆ ಮುಗಿಯಿತು. ವಿಎಫ್‌ಡಿಗೆ ಸಲ್ಲುತ್ತದೆ ಎಂದು ಸರ್ಟಿಫಿಕೇಟಿನಲ್ಲಿ ಇರಬೇಕು. ಇನ್ನೊಂದು ರಿವೈಂಡಿಂಗ್. ಸುಟ್ಟ ಮೋಟಾರನ್ನು ಊರಿನ ವೈಂಡಿಂಗ್ ಅಂಗಡಿಗೆ ಕೊಡುತ್ತೇವೆ, ಅವರು ತಾಮ್ರ ಚೆನ್ನಾಗಿಯೇ ಸುತ್ತುತ್ತಾರೆ. ಆದರೆ ಬೇರಿಂಗ್ ಕೂರುತ್ತಿಲ್ಲವೆಂದು ಶಾಫ್ಟನ್ನು ಲೇತಿಗೆ ಹಾಕಿ ಒಂದು ಸುತ್ತು ತೆಗೆದರೆ, ಶಾಫ್ಟಿನ ಸುತ್ತಲಿದ್ದ ಫ್ಲೇಮ್ ಪಾತ್ ಹೋಯಿತು. ಹೊರಗಿನಿಂದ ನೋಡಿದರೆ ಮೋಟಾರು ಮೊದಲಿನಂತೆಯೇ ಇರುತ್ತದೆ, ಫಲಕವೂ ಇರುತ್ತದೆ. ಎಕ್ಸ್ ಸಾಮಾನು ದುರಸ್ತಿಗೆಂದೇ ಐಇಸಿ 60079ರ ಭಾಗ 19 ಇದೆ, ಅದನ್ನು ಬಲ್ಲ ಕಾರ್ಯಾಗಾರಕ್ಕೇ ಕೊಡಬೇಕು.

ಜೋಡಿಸುವವರ ಕೈಯಲ್ಲಿ ಗುಂಪು ಉಳಿಯುವುದೂ ಉಂಟು, ಅಳಿಯುವುದೂ ಉಂಟು. ಒಂದು ಎಥನಾಲ್ ಪಂಪ್ ಹೌಸಿನಲ್ಲಿ ನಾನು ನೋಡಿದ ಜಂಕ್ಷನ್ ಬಾಕ್ಸ್ ಹೀಗಿತ್ತು: ಎಂಟು ಬೋಲ್ಟಿನ ಮುಚ್ಚಳದಲ್ಲಿ ಐದು ಬೋಲ್ಟು, ಉಳಿದ ಮೂರು ತೂತಿನಲ್ಲಿ ಗ್ರೀಸು. ಬಳಕೆಯಿಲ್ಲದ ಕೇಬಲ್ ತೂತಿಗೆ ಮರದ ಬೆಣೆ ಬಡಿದು ಮೇಲೆ ಟೇಪು. ಅಂಚಿನ ಸಂದು ಕಾಣದಂತೆ ಬೂದು ಬಣ್ಣ ಬಳಿದಿದ್ದರು, ಫಲಕದ ಮೇಲೂ ಅದೇ ಬಣ್ಣ. ಉಗುರಿನಿಂದ ಕೆರೆದಾಗ ಮೊದಲು ಕಂಡದ್ದು ‘ಎಕ್ಸ್’. ಐದು ಬೋಲ್ಟಿನ ಮೇಲೆ ಒಳಗಿನ ಸ್ಫೋಟದ ಒತ್ತಡ ಬಿದ್ದರೆ ಮುಚ್ಚಳ ಕೂದಲೆಳೆಯಷ್ಟು ಬಾಗಿದರೂ ಸಾಕು, ಐಐಬಿ ಎಂಬುದಕ್ಕೆ ಅರ್ಥವಿಲ್ಲ. ಬೋಲ್ಟುಗಳೆಲ್ಲ ಇರಬೇಕು, ತಯಾರಕರು ಹೇಳಿದ ದರ್ಜೆಯವೇ ಇರಬೇಕು. ಖಾಲಿ ತೂತಿಗೆ ಸರ್ಟಿಫೈ ಆದ ಪ್ಲಗ್ಗೇ ಬೇಕು, ಕೇಬಲಿಗೆ ಎಫ್‌ಎಲ್‌ಪಿ ಗ್ಲ್ಯಾಂಡೇ ಬೇಕು, ಅದರ ಥ್ರೆಡ್ಡಿನ ಸುತ್ತುಗಳು ಕನಿಷ್ಠ ಐದಾದರೂ ಕಚ್ಚಿರಬೇಕು. ಅಂಚಿಗೆ ಗಟ್ಟಿಯಾಗುವ ಸೀಲಂಟ್ ಹಚ್ಚಬಾರದು. ತುಕ್ಕು ಹಿಡಿಯದಂತೆ ಗಟ್ಟಿಯಾಗದ ಗ್ರೀಸು ತೆಳ್ಳಗೆ ಸವರಬಹುದು. ಹತ್ತಿರದಲ್ಲಿ ಗ್ಯಾಸ್ ಡಿಟೆಕ್ಟರ್ ಇದ್ದರೆ ಸಿಲಿಕೋನ್ ಇರುವುದು ಬೇಡ, ಕೆಲವು ಬಗೆಯ ಸೆನ್ಸರುಗಳು ಸಿಲಿಕೋನ್ ಆವಿಗೆ ಸತ್ತೇ ಹೋಗುತ್ತವೆ.

ಅಂಚಿನ ಮುಂದೆ ಎಷ್ಟು ಜಾಗ ಬಿಡಬೇಕು ಎನ್ನುವುದನ್ನೂ ಗುಂಪೇ ಹೇಳುತ್ತದೆ. ಸಂದಿನಿಂದ ಚಿಮ್ಮುವ ಬಿಸಿ ಅನಿಲಕ್ಕೆ ಎದುರು ಗೋಡೆ, ಕೊಳವೆ, ಆಂಗಲ್ ಅಡ್ಡ ಬಂದರೆ ಅದು ತಣಿಯುವ ಮೊದಲೇ ತಡೆದು ನಿಲ್ಲುತ್ತದೆ. ಐಐಎ ಆದರೆ 10 ಮಿ.ಮೀ., ಐಐಬಿಗೆ 30, ಐಐಸಿಗೆ 40 ಮಿ.ಮೀ. ಖಾಲಿ ಬಿಡಬೇಕು. ಇದನ್ನು ಪರೀಕ್ಷಿಸಲು ಕಿಸೆಯಲ್ಲಿರುವ ಟೇಪು ಸಾಕು, ಆದರೂ ಅಳೆದವರನ್ನು ನಾನು ಕಂಡದ್ದು ಕಡಿಮೆ.

ಧೂಳಿನ ಮಾತನ್ನು ಬಿಡುವಂತಿಲ್ಲ. ಮೆಕ್ಕೆಜೋಳ ಬೀಸುವ ಡಿಸ್ಟಿಲರಿಯಲ್ಲಿ, ಸಕ್ಕರೆ ಚೀಲ ತುಂಬುವ ಮನೆಯಲ್ಲಿ ಧೂಳೇ ಹೊತ್ತಿಕೊಳ್ಳುತ್ತದೆ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿ ಸಕ್ಕರೆ ಧೂಳು ಸಿಡಿದು 14 ಜನ ಸತ್ತರು. ಕನ್ವೇಯರಿನ ಕಾದ ಬೇರಿಂಗ್ ಕಾರಣವಿರಬೇಕೆಂದು ತನಿಖೆ ಹೇಳಿತು. ಅನಿಲಕ್ಕೆ ಪಡೆದ ಸರ್ಟಿಫಿಕೇಟ್ ಧೂಳಿಗೆ ಸಲ್ಲುವುದಿಲ್ಲ. ಧೂಳಿನ ಗುಂಪು ಬೇರೆ, ಐಐಐಎ, ಐಐಐಬಿ, ಐಐಐಸಿ. ಉಷ್ಣತೆಯನ್ನು ಅಲ್ಲಿ ವರ್ಗವಾಗಿ ಅಲ್ಲ, ಟಿ 135 ಡಿಗ್ರಿ ಎಂದು ನೇರವಾಗಿ ಬರೆಯುತ್ತಾರೆ. ಧೂಳು ಮೋಡವಾಗಿ ಹೊತ್ತುವ ಉಷ್ಣತೆಯ ಮೂರರಲ್ಲಿ ಎರಡು ಪಾಲನ್ನು ಮೈ ದಾಟಬಾರದು. 5 ಮಿ.ಮೀ. ಪದರವಾಗಿ ಕೂತಾಗ ಹೊತ್ತುವ ಉಷ್ಣತೆಗಿಂತ 75 ಡಿಗ್ರಿಯಾದರೂ ಕೆಳಗಿರಬೇಕು. ಧೂಳು ಕಂಬಳಿಯಂತೆ ಹೊದ್ದುಕೊಂಡ ಮೋಟಾರು ಇನ್ನಷ್ಟು ಕಾಯುತ್ತದೆ, ಆದ್ದರಿಂದ ಪೊರಕೆಯೂ ಇಲ್ಲಿ ಸುರಕ್ಷತೆಯ ಸಾಧನವೇ.

ಅಮೆರಿಕದಿಂದ ಬಂದ ಯಂತ್ರಗಳಲ್ಲಿ ಹಳೆಯ ಪದ್ಧತಿಯ ಫಲಕ ಇರುತ್ತದೆ: ಕ್ಲಾಸ್ 1, ಡಿವಿಷನ್ 1, ಗ್ರೂಪ್ ಡಿ. ಅಲ್ಲಿ ಗುಂಪುಗಳ ಕ್ರಮ ತಿರುಗುಮುರುಗು. ‘ಎ’ ಅಸಿಟಿಲೀನ್, ‘ಬಿ’ ಹೈಡ್ರೋಜನ್, ‘ಸಿ’ ಎಥಿಲೀನ್, ‘ಡಿ’ ಪ್ರೊಪೇನ್. ನಮ್ಮಲ್ಲಿ ‘ಸಿ’ ಅತ್ಯಂತ ಕಠಿಣವಾದರೆ ಅವರಲ್ಲಿ ‘ಎ’. ಗ್ರೂಪ್ ಡಿ ಎಂದು ಕಂಡು ಐಐಸಿಗಿಂತ ಮುಂದಿನದು ಎಂದುಕೊಂಡ ಇಂಜಿನಿಯರರನ್ನೂ ನೋಡಿದ್ದೇನೆ.

ಕೊಳ್ಳುವಾಗ ಫಲಕದ ಜೊತೆಗೆ ಸರ್ಟಿಫಿಕೇಟನ್ನೂ ಕೇಳಿ. ಪೆಟ್ರೋಲಿಯಂ ನಿಯಮಗಳಡಿ ಬರುವ ಜಾಗಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ ಸಂಸ್ಥೆಯ ಒಪ್ಪಿಗೆ ಬೇಕು, ಗಣಿಗಳಿಗೆ ಧನಬಾದಿನ ಡಿಜಿಎಂಎಸ್. ಸರ್ಟಿಫಿಕೇಟ್ ಸಂಖ್ಯೆಯ ಕೊನೆಗೆ ‘ಎಕ್ಸ್’ ಅಕ್ಷರ ಇದ್ದರೆ ಬಳಕೆಗೆ ವಿಶೇಷ ಷರತ್ತುಗಳಿವೆ ಎಂದರ್ಥ, ಅವನ್ನು ಓದದೆ ಜೋಡಿಸಬಾರದು. ‘ಯು’ ಇದ್ದರೆ ಅದು ಬಿಡಿಭಾಗ ಮಾತ್ರ, ಒಂಟಿಯಾಗಿ ಬಳಸುವಂಥದ್ದಲ್ಲ. ಇಂಡೆಂಟಿನಲ್ಲಿ ‘ಎಫ್‌ಎಲ್‌ಪಿ ದೀಪ’ ಎಂದು ನಿಲ್ಲಿಸದೆ ಜೋನ್, ಗುಂಪು, ಟಿ ವರ್ಗ, ಸುತ್ತಲಿನ ಉಷ್ಣತೆ ನಾಲ್ಕನ್ನೂ ಬರೆಯಿರಿ.

ಬ್ಯಾಟರಿ ರೂಮಿನಲ್ಲಿ ಮೊದಲು ಮಾಡಿದ್ದು ದೀಪದ ಕೆಲಸವಲ್ಲ, ಗಾಳಿಯ ಕೆಲಸ. ಹೈಡ್ರೋಜನ್ ಹಗುರ, ಸೂರಿನ ಅಡಿಗೆ ಹೋಗಿ ಸೇರುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೆ ಹೊತ್ತುವ ಸ್ಥಿತಿಗೆ ಬರುತ್ತದೆ. ಎದೆಯ ಮಟ್ಟದಲ್ಲಿದ್ದ ಎಕ್ಸಾಸ್ಟ್ ಕಿಂಡಿಯನ್ನು ಸೂರಿನ ಅಡಿಗೇ ಏರಿಸಿ, ಎದುರು ಗೋಡೆಯಲ್ಲಿ ನೆಲಮಟ್ಟಕ್ಕೆ ಹೊಸ ಗಾಳಿಯ ಕಿಂಡಿ ಬಿಡಿಸಿದೆವು. ಫ್ಯಾನಿನ ಮೋಟಾರು ಮತ್ತು ದೀಪಗಳಿಗೆ ‘ಐಐಬಿ+ಹೆಚ್2’ ಎಂಬ ಗುರುತಿನವು ಸಿಕ್ಕವು, ಅಂದರೆ ಐಐಬಿ ಜೊತೆಗೆ ಹೈಡ್ರೋಜನ್‌ಗೂ ಪರೀಕ್ಷೆಯಾದವು. ಐಐಸಿಗಿಂತ ಅಗ್ಗ, ಅಲ್ಲಿಗೆ ಸರಿಯಾಗಿ ಸಲ್ಲುವಂಥವು. ಸ್ವಿಚ್ಚನ್ನು ಬಾಗಿಲ ಹೊರಗೆ ತಂದೆವು. ಕಳಚಿದ ಆರು ಹೊಸ ದೀಪಗಳನ್ನು ಎಸೆಯಲಿಲ್ಲ. ಐಐಬಿ, ಟಿ6, ಸುತ್ತಲಿನ ಉಷ್ಣತೆ 50. ಆ ಹುಡುಗನೇ ಅವನ್ನು ಹೊತ್ತು ಒಯ್ದು ಎಥನಾಲ್ ಪಂಪ್ ಹೌಸಿನ ಸೂರಿಗೆ ಹಾಕಿದ, ಎಂಟೂ ಬೋಲ್ಟು ಎಣಿಸಿ ಬಿಗಿದ.